ತಟ್ಟೆ ಬದಲಿಸಿ ತೂಗಿದ ಬೆಳಕು

ಮಾರ್ಚ್‌ನಲ್ಲಿ ಒಂದು ಒಳ್ಳೆ ಹೂಮಳೆ ಬಿದ್ದರೆ ಸಾಕು, ಎಂಟು-ಹತ್ತು ದಿನದಲ್ಲಿ ಕೊಡಗಿನ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಆಗ ತುಡುವೆ ಜೇನಿಗೆ ಬಿಡುವೇ ಇಲ್ಲ. ಪೆಟ್ಟಿಗೆಯಿಂದ ಹೊರಟು, ತೋಟವೆಲ್ಲ ಅಲೆದು, ಮತ್ತೆ ಅದೇ ಪೆಟ್ಟಿಗೆಗೆ ಬಂದು ಸೇರುತ್ತದೆ. ಸೂರ್ಯ ಮೋಡದ ಹಿಂದಿದ್ದರೂ ಅದಕ್ಕೆ ದಿಕ್ಕು ಗೊತ್ತಾಗುತ್ತದೆ. ಒಂದು ತುಂಡು ನೀಲಿ ಆಕಾಶ ಕಂಡರಾಯಿತು. ಜೇನು ಹೀಗೆ ದಾರಿ ಹುಡುಕುವುದನ್ನು 1940ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟವರು ಕಾರ್ಲ್ ಫಾನ್ ಫ್ರಿಶ್.

ಆ ನೀಲಿಯಲ್ಲಿ ಜೇನಿಗೆ ಕಾಣುವುದೇನು? ಬೆಳಕು ಒಂದು ಅಲೆ. ಹಗ್ಗದ ತುದಿ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಬಹುದು, ಎಡ-ಬಲಕ್ಕೂ ಅಲ್ಲಾಡಿಸಬಹುದು, ಅಲ್ವಾ? ಬೆಳಕೂ ಹಾಗೆಯೇ. ಸೂರ್ಯನಿಂದ ನೇರವಾಗಿ ಬರುವ ಬೆಳಕಿನಲ್ಲಿ ಎಲ್ಲ ದಿಕ್ಕಿನ ಅಲುಗಾಟವೂ ಬೆರೆತಿರುತ್ತದೆ. ಗಾಳಿಯ ಕಣಗಳಿಗೆ ತಾಗಿ ಚದುರಿದಾಗ ಒಂದು ದಿಕ್ಕಿನ ಅಲುಗಾಟ ಜಾಸ್ತಿಯಾಗುತ್ತದೆ. ಇದಕ್ಕೆ ಧ್ರುವೀಕರಣ ಎಂದು ಹೆಸರು. ಜೇನಿಗೆ ಕಾಣುವುದು ಇದೇ. ನಮ್ಮ ಕಣ್ಣು ಬಣ್ಣ ಗುರುತಿಸುತ್ತದೆ, ಇದನ್ನು ಮಾತ್ರ ಬಿಟ್ಟುಬಿಡುತ್ತದೆ. ಪೋಲರಾಯ್ಡ್ ಕನ್ನಡಕವಿದ್ದರೆ ಹಾರಂಗಿ ಜಲಾಶಯದ ದಂಡೆಯಲ್ಲಿ ನಿಂತು ನಿಧಾನವಾಗಿ ತಲೆ ಓರೆ ಮಾಡಿ ನೋಡಿ. ನೀರಿನ ಮೇಲಿನ ಹೊಳಪು ಹೆಚ್ಚು-ಕಡಿಮೆ ಆಗುತ್ತದೆ.

ನನಗೆ ಈ ಗುಣದ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದು ಸತ್ತ ನಕ್ಷತ್ರಗಳ ಕಾರಣಕ್ಕೆ. ಜನವರಿಯಲ್ಲಿ ಕಣದಲ್ಲಿ ಕಾಫಿ ಹರಡಿ ರಾತ್ರಿ ಕಾವಲಿಗೆ ಕೂತವರಿಗೆ ದಕ್ಷಿಣದ ಆಕಾಶದಲ್ಲಿ ಲುಬ್ಧಕ ಕಾಣುತ್ತದೆ. ಅದರ ಪಕ್ಕದಲ್ಲೇ ನಮ್ಮ ಕಣ್ಣಿಗೆ ಕಾಣದ ಒಂದು ಜೊತೆಗಾರ ನಕ್ಷತ್ರವಿದೆ. 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಅದನ್ನು ದೂರದರ್ಶಕದಲ್ಲಿ ಕಂಡರು. ಸೂರ್ಯನಷ್ಟು ವಸ್ತು, ಭೂಮಿಯಷ್ಟು ಗಾತ್ರ. ಅದರ ಒಂದು ಚಮಚ ಟನ್‌ಗಟ್ಟಲೆ ತೂಗುತ್ತದೆ. ಇಂಧನ ಮುಗಿದು, ಕುಗ್ಗಿ, ಸುಮ್ನೆ ತಣ್ಣಗಾಗುತ್ತಿರುವ ಇಂಥವನ್ನು ಶ್ವೇತಕುಬ್ಜ ಎನ್ನುತ್ತಾರೆ.

ಇನ್ನೊಂದು ಶ್ವೇತಕುಬ್ಜವಿದೆ, ಜಿಆರ್‌ಡಬ್ಲ್ಯು +70° 8247. ನಮ್ಮಿಂದ ಸುಮಾರು 42 ಜ್ಯೋತಿರ್ವರ್ಷ ದೂರ. 1938ರಲ್ಲಿ ರುಡಾಲ್ಫ್ ಮಿಂಕೋವ್ಸ್ಕಿ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಯಾವ ಧಾತುವಿಗೂ ಹೊಂದದ ಪಟ್ಟಿಗಳು ಕಂಡವು. ಒಗಟು ಹಾಗೇ ಉಳಿಯಿತು. 1970ರಲ್ಲಿ ಜೇಮ್ಸ್ ಕೆಂಪ್ ಮತ್ತು ಸಂಗಡಿಗರು ಅದರ ಧ್ರುವೀಕರಣ ಅಳೆದರು. ಹಗ್ಗದ ತುದಿಯನ್ನು ಗರಗರ ತಿರುಗಿಸಿದರೆ ಅಲೆ ಸುರುಳಿಯಾಗಿ ಓಡುತ್ತದಲ್ಲ, ಆ ನಕ್ಷತ್ರದ ಬೆಳಕಿನಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಹಾಗೆ ಒಂದೇ ಕಡೆಗೆ ಸುತ್ತುತ್ತಿತ್ತು. ಬಲವಾದ ಕಾಂತಕ್ಷೇತ್ರ ಎಲೆಕ್ಟ್ರಾನುಗಳನ್ನು ಸುತ್ತಿಸುತ್ತದೆ. ಆಗ ಎಡಸುತ್ತು, ಬಲಸುತ್ತು ಬೆಳಕುಗಳು ಸಮನಾಗಿ ಹೊರಬರುವುದಿಲ್ಲ. ಆ ಕಾಂತಕ್ಷೇತ್ರ ಸುಮಾರು 32 ಕೋಟಿ ಗಾಸ್ ಎಂದು ಈಗ ಗೊತ್ತಿದೆ. ಭೂಮಿಯದ್ದು ಸುಮಾರು ಅರ್ಧ ಗಾಸ್. ಮಿಂಕೋವ್ಸ್ಕಿ ಕಂಡ ಪಟ್ಟಿಗಳು 1980ರ ದಶಕದ ನಡುವಿನಲ್ಲಿ ಬಗೆಹರಿದವು. ಅದು ಬರೀ ಹೈಡ್ರೋಜನ್! ಕಾಂತಕ್ಷೇತ್ರದ ಹಿಡಿತದಲ್ಲಿ ಗುರುತೇ ಸಿಗದಷ್ಟು ಬದಲಾಗಿತ್ತು.

ನೂರರಲ್ಲಿ ಒಂದು ಪಾಲು ಅಳೆಯುವುದೇ ಕಷ್ಟ. ಬೆಳಕು ಅಲೆಯಾದರೂ ಅಳೆಯುವಾಗ ಕಣ ಕಣವಾಗಿಯೇ ಸಿಗುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲು ಬೇಕೆಂದರೆ ಸುಮಾರು 10 ಕೋಟಿ ಬೆಳಕಿನ ಕಣಗಳನ್ನು ಎಣಿಸಬೇಕು. ಗಾಳಿ ಅಲುಗುತ್ತದೆ, ತೆಳು ಮೋಡ ಹಾಯುತ್ತದೆ, ಉಪಕರಣವೂ ತಪ್ಪು ತೋರಿಸುತ್ತದೆ. ಇಲ್ಲಿ ನನಗೆ ಅಜ್ಜ ನೆನಪಾಗುತ್ತಾರೆ. ಕರಿಮೆಣಸು ತೂಗುವಾಗ ಅವರು ಯಾವ ತಕ್ಕಡಿಯನ್ನೂ ಒಂದೇ ತೂಕಕ್ಕೆ ನಂಬುತ್ತಿರಲಿಲ್ಲ. ಮೆಣಸು ಎಡ ತಟ್ಟೆಯಲ್ಲಿ ಒಮ್ಮೆ, ಬಲ ತಟ್ಟೆಯಲ್ಲಿ ಒಮ್ಮೆ. ಎರಡರ ನಡುವಿನದ್ದೇ ಸರಿಯಾದ ತೂಕ. ತಕ್ಕಡಿ ಒಂದು ಕಡೆ ವಾಲಿದ್ದರೂ ಅದರ ತಪ್ಪು ಕಳೆದುಹೋಗುತ್ತದೆ.

ಖಗೋಳ ವಿಜ್ಞಾನಿಗಳು ಮಾಡುವುದೂ ಇದನ್ನೇ. ಕ್ಯಾಲ್ಸೈಟ್ ಹರಳು ನಕ್ಷತ್ರದ ಬೆಳಕನ್ನು ಎರಡು ಕವಲು ಮಾಡುತ್ತದೆ. ಒಂದರಲ್ಲಿ ಒಂದು ದಿಕ್ಕಿನ ಅಲುಗಾಟ, ಇನ್ನೊಂದರಲ್ಲಿ ಅದಕ್ಕೆ ಅಡ್ಡಲಾಗಿರುವುದು. ಎರಡನ್ನೂ ಒಟ್ಟಿಗೇ ಅಳೆಯುವುದರಿಂದ ಮೋಡ ಹಾಯ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಮಂಕಾಗುತ್ತವೆ. ಆಮೇಲೆ ಹರಳಿನ ಮುಂದಿರುವ ಒಂದು ತೆಳು ಫಲಕವನ್ನು 45 ಡಿಗ್ರಿ ತಿರುಗಿಸುತ್ತಾರೆ. ಎಡದ ಅಲುಗಾಟ ಬಲಕ್ಕೆ, ಬಲದ್ದು ಎಡಕ್ಕೆ. ತಟ್ಟೆ ಬದಲಾಯಿತು! ಬೇರೆ ದಾರಿಯೂ ಇದೆ. ಕೆಂಪ್ 1969ರಲ್ಲಿ ಪ್ರಕಟಿಸಿದ್ದು, ಒತ್ತಡದಿಂದ ಕಂಪಿಸುವ ಪಾರದರ್ಶಕ ತುಂಡು. ಅದು ಸೆಕೆಂಡಿಗೆ ಸಾವಿರಾರು ಬಾರಿ ಈ ಅದಲುಬದಲು ಮಾಡುತ್ತದೆ.

ಇಷ್ಟಾದರೂ ದೂರದರ್ಶಕದ ಕನ್ನಡಿಯೇ ಸ್ವಲ್ಪ ಧ್ರುವೀಕರಣ ಸೇರಿಸುತ್ತದೆ. ಅದನ್ನು ಕಳೆಯಲು ಧ್ರುವೀಕರಣವೇ ಇಲ್ಲದ ನಕ್ಷತ್ರ ಬೇಕು. ದೂರದ ನಕ್ಷತ್ರಗಳಾದರೆ ನಡುವಿನ ಧೂಳು ಬೆಳಕನ್ನು ಕೆಡಿಸಿರುತ್ತದೆ. ಈ ಧೂಳಿನ ಆಟ 1949ರಲ್ಲಿ ಹಿಲ್ಟ್‌ನರ್ ಮತ್ತು ಹಾಲ್ ಅವರಿಗೆ ಸಿಕ್ಕಿತ್ತು. ಹತ್ತಿರದ ಪ್ರಕಾಶಮಾನ ನಕ್ಷತ್ರಗಳು ದೊಡ್ಡ ದೂರದರ್ಶಕಗಳ ಕಣ್ಣು ಕುಕ್ಕುತ್ತವೆ. ಹತ್ತಿರದಲ್ಲೂ ಇದ್ದು ಮಂಕಾಗಿಯೂ ಇರುವ, ಕಾಂತಕ್ಷೇತ್ರ ಜೋರಿಲ್ಲದ ಶ್ವೇತಕುಬ್ಜಗಳು ಇದಕ್ಕೆ ಒದಗುತ್ತವೆ. ಜಿ191-ಬಿ2ಬಿ ಎಂಬುದನ್ನು ಹೀಗೆ ಸೊನ್ನೆಯ ಗುರುತಾಗಿ ಬಳಸುತ್ತಾರೆ.

ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಪೈಪು ಬದಲಿಸಲು ಬೆಳಗಿನ ಜಾವ ಏಳುವವರಿಗೆ ವೃಶ್ಚಿಕದ ಕೆಂಪು ಜ್ಯೇಷ್ಠಾ ಕಾಣುತ್ತದೆ. ಆಕಾಶದಲ್ಲಿ ಅದರ ಹತ್ತಿರವೇ, ನಮ್ಮಿಂದ ಸುಮಾರು 380 ಜ್ಯೋತಿರ್ವರ್ಷ ದೂರದಲ್ಲಿ, ಎಆರ್ ಸ್ಕಾರ್ಪಿಯೈ ಎಂಬ ಜೋಡಿ ನಕ್ಷತ್ರ ಇದೆ. ಅದರಲ್ಲಿರುವ ಶ್ವೇತಕುಬ್ಜ ಎರಡು ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಆ ತಿರುಗಾಟದ ತಾಳಕ್ಕೆ ತಕ್ಕಂತೆ ಧ್ರುವೀಕರಣ ಏರಿಳಿಯುತ್ತದೆ. ಏರಿದಾಗ ಬೆಳಕಿನ ನೂರಕ್ಕೆ 40 ಪಾಲಿನವರೆಗೂ ಒಂದೇ ದಿಕ್ಕಿನಲ್ಲಿ ಅಲುಗುತ್ತದೆ.