ಥೈರಾಯ್ಡ್ ರಿಪೋರ್ಟೂ ಕೂದಲಿನ ಮಾತ್ರೆಯೂ

"ಮೇಡಂ, ಶುಗರ್ ಆದ್ರೆ ಮನೇಲೇ ಐದು ಸೆಕೆಂಡಲ್ಲಿ ಗೊತ್ತಾಗುತ್ತೆ. ಥೈರಾಯ್ಡ್‌ಗೆ ಯಾಕೆ ಸಂಜೆವರೆಗೂ ಕಾಯ್ಬೇಕು?" ಬೇಲೂರು, ಸಕಲೇಶಪುರ ಕಡೆಯಿಂದ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬಂದು ರಕ್ತ ಕೊಡುವವರು ನಮ್ಮ ಲ್ಯಾಬಿನಲ್ಲಿ ಹೀಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಶುಗರ್ ಸ್ಟ್ರಿಪ್ಪಿನಲ್ಲಿರುವ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಅವು ಎಲೆಕ್ಟ್ರೋಡಿಗೆ ಸೇರಿದಾಗ ಹರಿಯುವ ಕರೆಂಟನ್ನು ಮಿಷನ್ ಅಳೆಯುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಅಳೆಯುವುದು ಟಿಎಸ್‌ಎಚ್ ಅನ್ನು, ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡೆಂದು ಹೇಳುವ ಹಾರ್ಮೋನನ್ನು. ಅದಕ್ಕೆ ಈ ಉಪಾಯ ನಡೆಯುವುದಿಲ್ಲ. ಅದು ರಕ್ತದಲ್ಲಿ ಇರುವುದೇ ಅಷ್ಟು ಕಡಿಮೆ: ಒಂದು ಟಿಎಸ್‌ಎಚ್ ಅಣುವಿಗೆ ಕೋಟಿಗಟ್ಟಲೆ ಗ್ಲೂಕೋಸ್ ಅಣುಗಳಿರುತ್ತವೆ.

ಹಾಗಾಗಿ ಅದನ್ನು ಮೊದಲು ಹಿಡಿಯಬೇಕು. ಅನೇಕ ಲ್ಯಾಬುಗಳಲ್ಲಿರುವ ಒಂದು ಬಗೆಯ ಯಂತ್ರದಲ್ಲಿ ಎರಡು ಪ್ರತಿಕಾಯಗಳು (ಗೊತ್ತಾದ ಅಣುವನ್ನೇ ಹುಡುಕಿ ಹಿಡಿಯುವ ಪ್ರೋಟೀನುಗಳು) ಟಿಎಸ್‌ಎಚ್ ಅನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಒಂದಕ್ಕೆ ಬಯೋಟಿನ್ ಎಂಬ ವಿಟಮಿನ್ ಅಂಟಿಸಿರುತ್ತಾರೆ, ಇನ್ನೊಂದಕ್ಕೆ ರುಥೇನಿಯಂ ಎಂಬ ಲೋಹ. ಬಯೋಟಿನ್ ಹೋಗಿ ಕಾಂತದ ಸಣ್ಣ ಮಣಿಗೆ ಕಚ್ಚಿಕೊಳ್ಳುತ್ತದೆ. ಮಣಿಗಳನ್ನು ಎಲೆಕ್ಟ್ರೋಡಿನ ಮೇಲೆ ಎಳೆದು ನಿಲ್ಲಿಸಿ, ಉಳಿದದ್ದನ್ನು ತೊಳೆದು ವೋಲ್ಟೇಜ್ ಕೊಟ್ಟರೆ ರುಥೇನಿಯಂ ಕೆಂಪು-ಕಿತ್ತಳೆ ಬೆಳಕು ಬೀರುತ್ತದೆ. ಬೆಳಕು ಜಾಸ್ತಿಯಾದರೆ ಟಿಎಸ್‌ಎಚ್ ಜಾಸ್ತಿ. ಇಷ್ಟಕ್ಕೆ ಯಂತ್ರಕ್ಕೆ ಅರ್ಧ ಗಂಟೆಯೂ ಬೇಡ. ಸಂಜೆಯಾಗುವುದು ರಕ್ತ ಹೆಪ್ಪುಗಟ್ಟಿಸಿ ಸೀರಂ ತೆಗೆಯುವುದು, ಕಂಟ್ರೋಲ್ (ಅಂಕಿ ಮೊದಲೇ ಗೊತ್ತಿರುವ ಸ್ಯಾಂಪಲ್) ನೋಡುವುದು, ಸರದಿ ಇವುಗಳಿಂದ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಆ ಬಯೋಟಿನ್ ಬಗ್ಗೆ. ಕೂದಲು ಉದುರುತ್ತದೆಂದು ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಮಾತ್ರೆಯಲ್ಲೂ ಅದೇ ಇರುತ್ತದೆ. ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಎಷ್ಟೋ ಮಾತ್ರೆಗಳಲ್ಲಿ 10 ಮಿಲಿಗ್ರಾಂ, ಅಂದರೆ 300 ಪಟ್ಟಿಗೂ ಜಾಸ್ತಿ! ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹಿಡಿದ ಹಾಗೆ, ರಕ್ತದಲ್ಲಿರುವ ಆ ಬಯೋಟಿನ್ ಮಣಿಯ ಮೇಲಿನ ಜಾಗವನ್ನೆಲ್ಲ ಮೊದಲೇ ಹಿಡಿದುಬಿಡುತ್ತದೆ. ಹಾರ್ಮೋನ್ ಹಿಡಿದ ಪ್ರತಿಕಾಯಗಳು ತೊಳೆದುಹೋಗಿ ಬೆಳಕು ಕಡಿಮೆಯಾಗುತ್ತದೆ, ಟಿಎಸ್‌ಎಚ್ ಸುಮ್ನೆ ಕಡಿಮೆ ಕಾಣುತ್ತದೆ. ಥೈರಾಯ್ಡೇ ತಯಾರಿಸುವ ಹಾರ್ಮೋನನ್ನು ಅಳೆಯುವ ಫ್ರೀ ಟಿ4 ಪರೀಕ್ಷೆಯ ಲೆಕ್ಕ ಉಲ್ಟಾ: ಅಲ್ಲಿ ಬೆಳಕು ತಗ್ಗಿದರೆ ಅಂಕಿ ಏರುತ್ತದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದಾಗಲೂ ಟಿಎಸ್‌ಎಚ್ ಇಳಿದು ಟಿ4 ಏರುತ್ತದೆ. ಹಾಗಾಗಿ ಎರಡನ್ನೂ ಸೇರಿಸಿ ನೋಡಿದರೆ, ಥೈರಾಯ್ಡ್ ಸರಿಯಿದ್ದವರಿಗೂ ಅದು ವಿಪರೀತ ಕೆಲಸ ಮಾಡುತ್ತಿರುವಂತೆ ರಿಪೋರ್ಟ್ ಬರುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಕಂಟ್ರೋಲೂ ಸರಿಯಾಗೇ ಇರುತ್ತದೆ. ಅದೇ ತಲೆನೋವು.

ಹೊಸ ಕಿಟ್‌ಗಳು ಬಯೋಟಿನ್ ಅನ್ನು ಹೆಚ್ಚು ತಡೆದುಕೊಳ್ಳುತ್ತವೆ, ನಿಜ. ಆದರೆ ನಿಮ್ಮ ಲ್ಯಾಬಿನಲ್ಲಿ ಯಾವುದಿದೆ ಎಂದು ನಿಮಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಕೂದಲಿನ ಮಾತ್ರೆಯನ್ನು ರಕ್ತ ಕೊಡುವ ಮುಂಚೆ ಕನಿಷ್ಠ ಎರಡು ದಿನ ನಿಲ್ಲಿಸಿ. ಡಾಕ್ಟರೇ ದೊಡ್ಡ ಡೋಸಿನಲ್ಲಿ ಬರೆದುಕೊಟ್ಟಿದ್ದರೆ ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ. "ಯಾವ ಮಾತ್ರೆ ತಗೋತೀರಾ?" ಎಂದು ನಾವು ಕೇಳಿದಾಗ, ಬಿಪಿ ಮಾತ್ರೆಯ ಜೊತೆ ಕೂದಲಿನ ಮಾತ್ರೆಯ ಹೆಸರನ್ನೂ ಹೇಳಿ.