ದಪ್ಪ ಬೊಡ್ಡೆಗೆ ಎಂಥ ಚೈನ್ ಸಾ ಬೇಕು?

ಮಳೆಗಾಲದ ಗಾಳಿಗೆ ಬಿದ್ದ ಹಲಸು, ಬೇಲಿಸಾಲಿನ ಅಕೇಶಿಯಾ, ಮುದಿಯಾದ ಮಾವು, ಗದ್ದೆಯಂಚಿನ ಹುಣಸೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಎಷ್ಟೋ ಮನೆಗಳಲ್ಲಿ ವರ್ಷದ ಸೌದೆ ಬರುವುದು ಇಂಥ ಮರಗಳಿಂದಲೇ. ಕೊಂಬೆ ಸವರಲೆಂದು ಕೊಂಡ 35ರಿಂದ 45 ಸಿಸಿಯ ಚೈನ್ ಸಾ ಒಂದಡಿ ದಪ್ಪದವರೆಗೆ ಚೆನ್ನಾಗಿಯೇ ಕೊಯ್ಯುತ್ತದೆ. ಎರಡಡಿ ಬೊಡ್ಡೆಯ ಮೇಲೆ ಇಟ್ಟಾಗ ಇಂಜಿನ್ ಸದ್ದು ಕುಗ್ಗಿ, ಚೈನು ನಿಂತು ನಿಂತು ಓಡುತ್ತದೆ. ದೊಡ್ಡ ಯಂತ್ರ ತರಬೇಕು ಎಂದು ಅನ್ನಿಸುವುದು ಆಗಲೇ. ಅಂಗಡಿಗೆ ಹೋಗುವ ಮುನ್ನ ಈಗಿರುವ ಯಂತ್ರದ ಚೈನನ್ನು ಒಮ್ಮೆ ನೋಡಿ.

ಕೊಯ್ಯುವಾಗ ಉದುರುವ ಪುಡಿಯನ್ನು ಅಂಗೈಗೆ ಹಾಕಿಕೊಂಡರೆ ಅರ್ಧ ಉತ್ತರ ಸಿಕ್ಕಿತು. ಅಡ್ಡಡ್ಡ ಕೊಯ್ಯುವಾಗ ಚೂಪಾದ ಚೈನು ಸಣ್ಣ ಸಣ್ಣ ಚಕ್ಕೆಗಳನ್ನು ಉಗುಳುತ್ತದೆ. ರಾಗಿ ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಹಲ್ಲು ಮೊಂಡಾಗಿದೆ. ಮೊಂಡು ಚೈನಿಗೆ ಯಾವ ಇಂಜಿನ್ ಕೊಟ್ಟರೂ ಅದು ಮರವನ್ನು ಸುಡುತ್ತದೆಯೇ ಹೊರತು ಕೊಯ್ಯುವುದಿಲ್ಲ. ಕೊಯ್ತ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಒಂದು ಸಾಲಿನ ಹಲ್ಲು ಇನ್ನೊಂದು ಸಾಲಿಗಿಂತ ಗಿಡ್ಡವಾಗಿದೆ, ಇಲ್ಲವೇ ಚೈನು ಸುತ್ತಿ ಓಡುವ ಉದ್ದ ಪಟ್ಟಿಯ, ಅಂದರೆ ಬಾರಿನ, ಅಂಚು ಸವೆದಿದೆ. ಹೊಸ ಚೈನು ಹಾಕಿದ ಮೇಲೂ ಹಲಸಿನ ಚೇಗಿನಲ್ಲಿ ಇಂಜಿನ್ ಉಸಿರು ಕಟ್ಟುತ್ತಿದ್ದರೆ ಮಾತ್ರ ಶಕ್ತಿ ನಿಜಕ್ಕೂ ಸಾಲದು.

ಎಷ್ಟು ಶಕ್ತಿ ಬೇಕೆಂಬುದನ್ನು ಮರದೊಳಗೆ ಮುಳುಗುವ ಬಾರಿನ ಉದ್ದ ಹೇಳುತ್ತದೆ. ಗಟ್ಟಿ ಮರದಲ್ಲಿ ಮುಳುಗುವ ಪ್ರತಿ ಇಂಚಿಗೆ ಸುಮಾರು 3 ಸಿಸಿ ಎಂದು ಹಿಡಿಯಿರಿ. 45 ಸಿಸಿಗೆ 16 ಇಂಚಿನ ಬಾರು ಸರಿ. 18 ಇಂಚು ಹಾಕಿದರೆ ಮೆದು ಮರಕ್ಕೆ ಸಾಲುತ್ತದೆ, ಗಾಳಿಮರಕ್ಕೆ ಸಾಲದು. 20 ಇಂಚಿಗೆ 60 ಸಿಸಿ ಬೇಕು, 24 ಇಂಚಿಗೆ 72. ದಪ್ಪ ಮರಕ್ಕೆ ಉದ್ದ ಬಾರು ಹಾಕಿದರಾಯಿತು ಎಂದು ಸಣ್ಣ ಯಂತ್ರಕ್ಕೆ 22 ಇಂಚಿನ ಬಾರು ಸಿಕ್ಕಿಸಿದರೆ ಯಂತ್ರ ಬೇಗ ಹಾಳಾಗುತ್ತದೆ. ಎರಡೂ ಬದಿಯಿಂದ ಕೊಯ್ದರೆ 20 ಇಂಚಿನ ಬಾರು ಮೂರಡಿ ದಪ್ಪದ ದಿಮ್ಮಿಯನ್ನೂ ದಾಟಿಸುತ್ತದೆ. ಹಾಗಾಗಿ ಮನೆ ಸೌದೆಗೆ ನನ್ನ ಶಿಫಾರಸು 60ರಿಂದ 72 ಸಿಸಿ, 20 ಇಂಚಿನ ಬಾರು. 90 ಸಿಸಿ ಯಂತ್ರದ ಭಾರ ಹೊತ್ತು ದಿನವಿಡೀ ದುಡಿಯುವುದು ಮರ ಕೊಯ್ಯುವುದೇ ಕಸುಬಾದವರಿಗೆ ಇರಲಿ.

ಸಿಸಿಯೊಂದನ್ನೇ ನಂಬುವುದೂ ತಪ್ಪು. ಸ್ಟಿಲ್ ಎಂಎಸ್ 250 ಯಂತ್ರದ್ದು 45.4 ಸಿಸಿ, 2.3 ಕಿಲೋವ್ಯಾಟ್, ಬಾರು ಚೈನು ಬಿಟ್ಟು 4.6 ಕೆಜಿ. ಅದೇ ಕಂಪನಿಯ ಎಂಎಸ್ 382 ಯಂತ್ರದ್ದು 72.2 ಸಿಸಿ, 3.9 ಕಿಲೋವ್ಯಾಟ್, 6.2 ಕೆಜಿ. ಹಸ್ಕ್‌ವರ್ನಾದ 372 ಎಕ್ಸ್‌ಪಿ 70.7 ಸಿಸಿ, ಅದೂ ಇದೇ ವರ್ಗದ್ದು. ಒಂದೂವರೆ ಕೆಜಿ ಹೆಚ್ಚು ಹೊರುವುದಕ್ಕೆ ಸಿಗುವುದು ಒಂದೂಮುಕ್ಕಾಲು ಪಟ್ಟಿನಷ್ಟು ಶಕ್ತಿ. ಅಗ್ಗದ ಯಂತ್ರಗಳ ಮೈಮೇಲೆ 58 ಎಂದೋ 62 ಎಂದೋ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಬೋರ್ (ಸಿಲಿಂಡರಿನ ಒಳ ಅಗಲ) ಮತ್ತು ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಎಷ್ಟು ಮಿಲಿಮೀಟರ್ ಎಂದು ಕೇಳಿ, ಬೋರನ್ನು ಬೋರಿನಿಂದಲೇ ಗುಣಿಸಿ, ಅದನ್ನು ಸ್ಟ್ರೋಕಿನಿಂದ, ಆಮೇಲೆ 0.785ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. ಬೋರ್ 45, ಸ್ಟ್ರೋಕ್ 32 ಇದ್ದರೆ ಅದು 50.9 ಸಿಸಿ, ಮೇಲೆ ಏನೇ ಬರೆದಿರಲಿ. ಕಿಲೋವ್ಯಾಟ್ ಲೆಕ್ಕ ಕೊಡದ ಯಂತ್ರವನ್ನು ಕೊಳ್ಳಬೇಡಿ.

ಇಂಜಿನ್ ದೊಡ್ಡದಾದಂತೆ ಚೈನೂ ಬದಲಾಗುತ್ತದೆ. 45ರಿಂದ 55 ಸಿಸಿಗೆ ಸಾಮಾನ್ಯವಾಗಿ 0.325 ಇಂಚಿನ ಪಿಚ್ (ಚೈನಿನ ಕೊಂಡಿಗಳ ನಡುವಿನ ಅಂತರದ ಅಳತೆ), ಅದರ ಮೇಲೆ 3/8. ಚೈನು ಕೊಳ್ಳುವಾಗ ಪಿಚ್, ಡ್ರೈವ್ ಲಿಂಕ್‌ಗಳ (ಬಾರಿನ ಸೀಳಿನೊಳಗೆ ಕೂರುವ ಕೊಂಡಿಗಳ) ಸಂಖ್ಯೆ ಮತ್ತು ಅವುಗಳ ದಪ್ಪ, ಅಂದರೆ ಗೇಜ್, ಮೂರನ್ನೂ ಬಾರಿನ ಮೇಲೆ ಓದಿ ಬರೆದುಕೊಂಡು ಹೋಗಿ. 1.5 ಮಿಮೀ ಗೇಜಿನ ಚೈನನ್ನು 1.6ರ ಬಾರಿಗೆ ಹಾಕಿದರೆ ಅದು ಬಾರಿನ ಸೀಳಿನಲ್ಲಿ ಆಡುತ್ತಾ ಕೊಯ್ತವನ್ನು ವಾಲಿಸುತ್ತದೆ. ಸೌದೆಗೆ ಮೂಲೆ ದುಂಡಾಗಿರುವ ಸೆಮಿ ಚಿಸೆಲ್ ಹಲ್ಲೇ ಸರಿ. ಮೂಲೆ ಚೂಪಾಗಿರುವ ಫುಲ್ ಚಿಸೆಲ್ ಶುದ್ಧ ಹಸಿಮರದಲ್ಲಿ ಬೇಗ ಕೊಯ್ಯುತ್ತದೆ ನಿಜ, ಆದರೆ ನೆಲದ ಮೇಲೆ ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿ ಕೂತ ಮಣ್ಣು ಅದನ್ನು ಕೆಲವೇ ಕೊಯ್ತದಲ್ಲಿ ಮೊಂಡು ಮಾಡುತ್ತದೆ. ಕೊಯ್ಯುವ ಗೆರೆಯಲ್ಲಿ ತೊಗಟೆಯನ್ನು ಕತ್ತಿಯಿಂದ ಕೆತ್ತಿ ತೆಗೆದರೆ ಯಾವ ಚೈನಾದರೂ ಹೆಚ್ಚು ಬಾಳುತ್ತದೆ. ಅಕೇಶಿಯಾ, ಹುಣಸೆಗಳನ್ನು ಹಸಿಯಿದ್ದಾಗಲೇ ಕೊಯ್ದುಬಿಡಿ. ಒಣಗಿದ ಮೇಲೆ ಅದೇ ಮರಕ್ಕೆ ಹೆಚ್ಚು ಸಲ ಅರ ಹಾಕಬೇಕಾಗುತ್ತದೆ.

ಅರ ಹಾಕುವುದನ್ನು ಕಲಿಯದೆ ದೊಡ್ಡ ಯಂತ್ರ ಕೊಳ್ಳುವುದು ವ್ಯರ್ಥ. 0.325 ಚೈನಿಗೆ 4.8 ಮಿಮೀ ಗುಂಡು ಅರ, 3/8 ಚೈನಿಗೆ 5.2 ಮಿಮೀ. ಬಾರನ್ನು ಮರದ ತುಂಡಿನಲ್ಲಿ ಬಿಗಿದು, 30 ಡಿಗ್ರಿ ಕೋನದಲ್ಲಿ, ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತಿಬಿಡಿ. ಎಲ್ಲ ಹಲ್ಲಿಗೂ ಒಂದೇ ಲೆಕ್ಕ, ಎರಡೋ ಮೂರೋ ಸಲ. ಅಂಚಿನ ಮೇಲೆ ಬೆಳಕು ಬಿದ್ದಾಗ ಬಿಳಿ ಗೆರೆ ಹೊಳೆದರೆ ಆ ಹಲ್ಲು ಇನ್ನೂ ಮೊಂಡಿದೆ. ಗೆರೆ ಕಾಣದಾಗುವವರೆಗೆ ಉಜ್ಜಿ. ನಾಲ್ಕೈದು ಸಲ ಅರ ಹಾಕಿದ ಮೇಲೆ ಪ್ರತಿ ಹಲ್ಲಿನ ಮುಂದಿರುವ ಗುಬ್ಬಿಯನ್ನು, ಅಂದರೆ ಡೆಪ್ತ್ ಗೇಜನ್ನು, ಚಪ್ಪಟೆ ಅರದಿಂದ ಹಲ್ಲಿಗಿಂತ 0.65 ಮಿಮೀ ಕೆಳಕ್ಕೆ ತನ್ನಿ. ತಗ್ಗಿಸದಿದ್ದರೆ ಹಲ್ಲು ಎಷ್ಟೇ ಚೂಪಿದ್ದರೂ ಮರವನ್ನು ಕಚ್ಚುವುದಿಲ್ಲ. ಅತಿಯಾಗಿ ತಗ್ಗಿಸಿದರೆ ಗಟ್ಟಿ ಮರದಲ್ಲಿ ಯಂತ್ರ ಜಗ್ಗಿ ಕುಣಿಯುತ್ತದೆ, ಬಾರಿನ ತುದಿ ಹಿಂದಕ್ಕೆ ಹೊಡೆಯುವ ಅಪಾಯವೂ ಹೆಚ್ಚು.

ಚೈನು ಸಿಕ್ಕಿಕೊಂಡು ನಿಂತಾಗ ಆಕ್ಸಿಲರೇಟರ್ ಒತ್ತಿ ಹಿಡಿಯುವವರನ್ನು ಎಲ್ಲ ಕಡೆ ಕಾಣಬಹುದು. ಆಗ ಕ್ಲಚ್ ಜಾರಿ ಡ್ರಮ್ಮು ನೀಲಿಯಾಗುವಷ್ಟು ಕಾಯುತ್ತದೆ, ಪಕ್ಕದಲ್ಲೇ ಇರುವ ಆಯಿಲ್ ಪಂಪಿನ ಹಲ್ಲುಗಾಲಿ ಪ್ಲಾಸ್ಟಿಕ್‌ನದಾಗಿದ್ದರೆ ಕರಗುತ್ತದೆ. ಅಲ್ಲಿಂದ ಬಾರಿಗೆ ಎಣ್ಣೆ ಬರುವುದಿಲ್ಲ, ಬಾರೂ ಸುಡುತ್ತದೆ. ದಿಮ್ಮಿ ಎರಡು ತುದಿಯಲ್ಲಿ ಆತುಕೊಂಡು ನಡುವೆ ನೆಲಕ್ಕೆ ತಾಗದಿದ್ದರೆ ಮೇಲಿನಿಂದ ಮೂರರಲ್ಲೊಂದು ಭಾಗ ಮಾತ್ರ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಿರಿ. ನೆಲಕ್ಕೆ ಪೂರ್ತಿ ಒರಗಿದ್ದರೆ ಮುಕ್ಕಾಲು ಭಾಗ ಕೊಯ್ದು, ಸೀಳಿಗೆ ಪ್ಲಾಸ್ಟಿಕ್ ಅಥವಾ ಮರದ ಬೆಣೆ ಹೊಡೆದು, ದಿಮ್ಮಿ ಉರುಳಿಸಿ ಮುಗಿಸಿ. ಕಬ್ಬಿಣದ ಬೆಣೆ ಬೇಡ, ಚೈನು ತಾಗಿದರೆ ಹಲ್ಲು ಹೋಗುತ್ತದೆ. ಉದ್ದ ಬಾರಿನ ತುದಿ ಹಿಂದಿರುವ ಇನ್ನೊಂದು ದಿಮ್ಮಿಗೆ ತಾಗಿದರೆ ಯಂತ್ರ ಮುಖದ ಕಡೆಗೇ ಹಾರುತ್ತದೆ. ಪಂಚೆ, ಹವಾಯಿ ಚಪ್ಪಲಿಯಲ್ಲಿ 70 ಸಿಸಿ ಯಂತ್ರ ಹಿಡಿಯಲೇಬೇಡಿ. ಯಂತ್ರದ ಬೆಲೆಗೆ ಕಾಲಿನ ರಕ್ಷಾಕವಚ, ಜಾಲರಿಯ ಹೆಲ್ಮೆಟ್, ಬೂಟು ಸೇರಿಸಿಯೇ ಲೆಕ್ಕ ಹಾಕಿ.

ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಎಣ್ಣೆ ಕಂಪನಿಯದೇ ಆದರೆ ಲೀಟರಿಗೆ 20 ಮಿಲಿ, ಅಂದರೆ 50ಕ್ಕೆ 1. ಕೈಪಿಡಿ 25ಕ್ಕೆ 1 ಎಂದಿದ್ದರೆ 40 ಮಿಲಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಕಾರ್ಬ್ಯುರೇಟರಿನ ಡಯಾಫ್ರಾಮ್ ಎಂಬ ತೆಳು ಪೊರೆಯನ್ನು ಬಿರುಸಾಗಿಸುತ್ತದೆ. ತಿಂಗಳಿಗಿಂತ ಹಳೆಯ ಮಿಶ್ರಣ ಬಳಸಬೇಡಿ. ಸೌದೆ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನೇ ನಿಲ್ಲುವವರೆಗೆ ಇಂಜಿನ್ ಓಡಿಸಿ ಎತ್ತಿಡಿ. ಬಾರಿಗೆ ಗಾಡಿಯ ಸುಟ್ಟ ಎಣ್ಣೆ ಹಾಕುವ ರೂಢಿ ಬಿಡಬೇಕು. ಅದರಲ್ಲಿರುವ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ.

ಹಳೆಯ ಯಂತ್ರ ಕೊಳ್ಳುವುದಾದರೆ, ಸೈಲೆನ್ಸರ್ ಬಿಚ್ಚಿಸಿ ಆ ತೂತಿನಿಂದ ಪಿಸ್ಟನ್ ನೋಡಿ. ಮೈ ನುಣುಪಾಗಿರಬೇಕು. ಎಣ್ಣೆ ಕಡಿಮೆ ಹಾಕಿ ಓಡಿಸಿದ ಯಂತ್ರದಲ್ಲಿ ಉದ್ದುದ್ದ ಗೀರು ಕಾಣುತ್ತದೆ. ಗೀರಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.