ಬ್ಯಾಂಕಾಕಿನಲ್ಲಿ ಮೊದಲ ದಿನ ಖಾಲಿ ಇರಲಿ

ಪ್ರವಾಸದ ಪಟ್ಟಿ ಕಳಿಸಿ ಅರ್ಧ ಗಂಟೆ ಆಗಿರುವುದಿಲ್ಲ, ಫೋನ್ ಬರುತ್ತದೆ. "ಮೇಡಂ, ಮೊದಲ ದಿನ ಏನೂ ಹಾಕೇ ಇಲ್ವಲ್ಲ? ಬೆಳಿಗ್ಗೆ ಆರಕ್ಕೇ ಇಳೀತೀವಿ. ಒಂದಿಡೀ ದಿನ ವೇಸ್ಟ್ ಆಗಲ್ವಾ?" ಬೆಂಗಳೂರಿನಿಂದ ಬ್ಯಾಂಕಾಕಿಗೆ ಜನರನ್ನು ಕಳಿಸುವುದು ನನ್ನ ಕೆಲಸ. ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಬರೆದೇ ಬಿಡುತ್ತೇನೆ.

ದುಡ್ಡು ಬದಲಾಯಿಸುವುದು, ಸಿಮ್ ತಗೊಳ್ಳುವುದು ಎಲ್ಲ ನಿಮಗೆ ಗೊತ್ತಿರುತ್ತದೆ. ದೇಶದೊಳಗೆ ಬಿಡುವ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ನಾನು ಹೇಳಬೇಕಾಗಿರುವುದು ನಿದ್ದೆಯ ಲೆಕ್ಕ.

ವಿಮಾನ ರಾತ್ರಿ ಒಂದಕ್ಕೆ ಅಂತಿಟ್ಟುಕೊಳ್ಳಿ. ಹತ್ತಕ್ಕೆ ದೇವನಹಳ್ಳಿಯಲ್ಲಿರಬೇಕು. ಅಂದರೆ ಜಯನಗರದ ಮನೆಗೆ ಎಂಟಕ್ಕೇ ಬೀಗ ಹಾಕುತ್ತೀರಿ. ಹಾರಾಟ ಸುಮಾರು ಮೂರೂವರೆ ಗಂಟೆ. ಅದರಲ್ಲಿ ಊಟದ ಗಾಡಿ, ಘೋಷಣೆ, ಪಕ್ಕದ ಸೀಟಿನ ಮಗು ಎಲ್ಲ ಕಳೆದರೆ ಕತ್ತು ವಾಲಿಸಿಕೊಂಡು ಎರಡು ಗಂಟೆ ಮಲಗಿದರೆ ಹೆಚ್ಚು. ಇಳಿದಾಗ ಅಲ್ಲಿನ ಗಡಿಯಾರ ಆರು ತೋರಿಸುತ್ತದೆ. ಆದರೆ ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ನಿಮ್ಮ ದೇಹಕ್ಕೆ ಆಗ ನಸುಕಿನ ನಾಲ್ಕೂವರೆ. ಮನೆಯಲ್ಲಿದ್ದರೆ ಆ ಹೊತ್ತಿಗೆ ಯಾರಾದರೂ ನಿಮ್ಮನ್ನು ಎಬ್ಬಿಸಿ ಅರಮನೆ ನೋಡೋಣ ಬನ್ನಿ ಅಂದರೆ ಹೋಗ್ತಿದ್ರಾ?

ಇಳಿದ ದಿನವೇ ಜನ ಯಾಕೆ ಅರಮನೆಗೆ ಓಡುತ್ತಾರೆ ಅನ್ನುವುದೂ ನನಗೆ ಗೊತ್ತು. ಹೋಟೆಲಿನಲ್ಲಿ ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ. ಗ್ರ್ಯಾಂಡ್ ಪ್ಯಾಲೇಸಿನ ಟಿಕೆಟ್ ಕಿಟಕಿ ಮೂರೂವರೆಗೆ ಮುಚ್ಚುತ್ತದೆ. ರೂಮಿಗೆ ಹೋಗಿ ಬಂದರೆ ಅರಮನೆ ತಪ್ಪುತ್ತದೆ, ಅದಕ್ಕೇ ಸೂಟ್‌ಕೇಸ್ ಎಲ್ಲೋ ಇಟ್ಟು ನೇರ ಅಲ್ಲಿಗೇ ಓಡುತ್ತಾರೆ. ತಲೆಗೆ 500 ಬಾತ್ (ಅಲ್ಲಿನ ದುಡ್ಡು) ಕೊಟ್ಟು ಒಳಗೆ ಹೋದರೆ ಅಂಗಳದಲ್ಲಿ ಸುಡುವ ಬಿಸಿಲು. ಅಲ್ಲಿ ಮೊಣಕಾಲು, ಭುಜ ಮುಚ್ಚಿರಲೇಬೇಕು. ನಿದ್ದೆಗೆಟ್ಟ ತಲೆಗೆ ಅದೂ ಮರೆತುಹೋಗಿ, ಚಡ್ಡಿಯಲ್ಲಿ ಬಂದವರು ಬಾಗಿಲ ಹತ್ತಿರದ ಅಂಗಡಿಯಲ್ಲಿ ಆನೆ ಚಿತ್ರದ ಪೈಜಾಮ ಕೊಳ್ಳುತ್ತಾರೆ. ಇನ್ನು ಕೆಲವರನ್ನು ಹೊರಗಡೆಯೇ ಒಬ್ಬ ಸಭ್ಯಸ್ಥ ತಡೆದು, "ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸ್ತೀನಿ" ಅನ್ನುತ್ತಾನೆ. ಟುಕ್‌ಟುಕ್ ಅನ್ನುವ ಅಲ್ಲಿನ ಆಟೋ ಹತ್ತಿದರೆ ಅದು ನಿಲ್ಲುವುದು ಹರಳಿನ ಅಂಗಡಿ ಮುಂದೆ. ಇದು ಬಹಳ ಹಳೆಯ ಮೋಸ. ಚೆನ್ನಾಗಿ ಮಲಗಿ ಎದ್ದವರು ನೇರ ಬಾಗಿಲಿಗೇ ಹೋಗಿ ನೋಡುತ್ತಾರೆ. ದಣಿದವರು ನಂಬಿಬಿಡುತ್ತಾರೆ.

ಮೈಸೂರಿನ ಒಂದು ಮನೆಯವರನ್ನು ಕಳಿಸಿದ್ದೆ. ಜೊತೆಗೆ ಎಪ್ಪತ್ತು ದಾಟಿದ ಅಜ್ಜಿ. ಮಗ ಹಟ ಹಿಡಿದು ಮೊದಲ ದಿನವೇ ಅರಮನೆ ಹಾಕಿಸಿಕೊಂಡರು. ನಾನೂ ಜಾಸ್ತಿ ವಾದ ಮಾಡಲಿಲ್ಲ, ಮಾಡಬೇಕಿತ್ತು. ಅಜ್ಜಿ ಒಳಗೆ ಹೋದ ಹತ್ತು ನಿಮಿಷಕ್ಕೆ ನೆರಳು ಸಿಕ್ಕಲ್ಲಿ ಕೂತು, ಗೋಡೆಗೆ ಒರಗಿ ನಿದ್ದೆ ಹೋದರಂತೆ. ಆ ಅರಮನೆಯ ಆವರಣದಲ್ಲಿ ಪಚ್ಚೆ ಬುದ್ಧನ ದೇವಾಲಯವಿದೆ. ಅದರ ಸುತ್ತಿನ ಮೊಗಸಾಲೆಯ ಗೋಡೆಯ ಮೇಲೆ 178 ಚಿತ್ರಗಳಲ್ಲಿ ಇಡೀ ರಾಮಾಯಣವಿದೆ, ಥಾಯ್ ಜನರ ರಾಮಕಿಯನ್. ಅಲ್ಲಿನ ಹನುಮಂತ ಬಿಳಿ ಬಣ್ಣದವನು, ಬ್ರಹ್ಮಚಾರಿಯೂ ಅಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯುವ ಸುವರ್ಣಮತ್ಸ್ಯೆ ಅನ್ನುವ ಮತ್ಸ್ಯಕನ್ಯೆಯನ್ನೇ ಒಲಿಸಿಕೊಳ್ಳುತ್ತಾನೆ. ವಾಪಸ್ ಬಂದ ಮೇಲೆ ಅಜ್ಜಿ ಜೊತೆ ಮಾತಾಡುವಾಗ ಇದನ್ನು ಹೇಳಿದೆ. "ಅಲ್ಲಿ ರಾಮಾಯಣ ಇತ್ತೇನಮ್ಮಾ? ನಂಗೆ ಯಾರೂ ಎಬ್ಬಿಸಿ ತೋರಿಸಲೇ ಇಲ್ವಲ್ಲ" ಅಂದರು. ಎಳೆಯ ವಯಸ್ಸಿನಿಂದ ಹರಿಕಥೆ ಕೇಳಿ ಬೆಳೆದವರು ಅವರು. ಆ ಮಾತು ಈಗಲೂ ನನ್ನನ್ನು ಕಾಡುತ್ತದೆ.

ಹಾಗಾದರೆ ಮೊದಲ ದಿನ ಏನು ಮಾಡಬೇಕು? ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ರೈಲು ಹಿಡಿದು ಅರ್ಧ ಗಂಟೆಯಲ್ಲಿ ಊರೊಳಗಿನ ಫಯಾಥಾಯ್ ಸ್ಟೇಷನ್ ತಲುಪಬಹುದು. ಸೂಟ್‌ಕೇಸ್ ಹೋಟೆಲಿನಲ್ಲಿ ಕೊಡಿ, ರೂಮು ಸಿಗದಿದ್ದರೂ ಇಟ್ಟುಕೊಳ್ಳುತ್ತಾರೆ. ಬೇಗ ರೂಮು ಖಾಲಿ ಆದರೆ ಕೊಡಿ ಅಂತ ಕೇಳಿ, ಕೆಲವೊಮ್ಮೆ ಸಿಗುತ್ತದೆ. ಹಣ್ಣು, ಗಂಜಿ, ಏನಾದರೂ ಹಗುರವಾಗಿ ತಿನ್ನಿ. ಸಸ್ಯಾಹಾರಿಗಳು "ಜೇ" ಅನ್ನುವ ಪದ ನೆನಪಿಟ್ಟುಕೊಳ್ಳಿ. ಹಳದಿ ಬಣ್ಣದ ಮೇಲೆ ಕೆಂಪಕ್ಷರದ ಆ ಗುರುತಿದ್ದ ಅಂಗಡಿಯಲ್ಲಿ ಮೀನಿನ ಸಾಸ್ ಕೂಡ ಹಾಕುವುದಿಲ್ಲ. ರೂಮು ಸಿಗುವವರೆಗೆ ಹೊತ್ತು ಹೋಗದಿದ್ದರೆ ಲುಂಪಿನಿ ಪಾರ್ಕಿನ ಮರದ ಕೆಳಗೆ ಕೂತು ಬನ್ನಿ. ಕೆರೆ ದಂಡೆಯಲ್ಲಿ ಸಣ್ಣ ಮೊಸಳೆಯಷ್ಟು ದೊಡ್ಡ ಉಡಗಳು ಓಡಾಡುತ್ತವೆ, ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ರೂಮು ಸಿಕ್ಕ ತಕ್ಷಣ ಅಲಾರಂ ಇಟ್ಟು ಎರಡು ಗಂಟೆ ಮಲಗಿ. ಅದಕ್ಕಿಂತ ಜಾಸ್ತಿ ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಬಿಪಿ, ಸಕ್ಕರೆ ಮಾತ್ರೆ ಇರುವವರು ಹೊತ್ತು ಬದಲಾಯಿಸುವ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಿ, ನನ್ನನ್ನು ಕೇಳಬೇಡಿ.

ಬಿಸಿಲು ಇಳಿದ ಮೇಲೆ ಸಫಾನ್ ತಕ್ಸಿನ್ ಮೆಟ್ರೋ ಸ್ಟೇಷನ್ನಿಗೆ ಹೋಗಿ. ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಕಿತ್ತಳೆ ಬಾವುಟದ ದೋಣಿ ಹತ್ತಿ, ನಾನು ಕಳೆದ ಸಲ ಹೋದಾಗ 16 ಬಾತ್ ಇತ್ತು. ಚಾವೊ ಫ್ರಯಾ ನದಿಯ ಗಾಳಿಗೆ ಮುಖ ಒಡ್ಡಿ ಕೂತರೆ ದಣಿವು ಅರ್ಧ ಇಳಿಯುತ್ತದೆ. ಥಾ ತಿಯೆನ್‌ನಲ್ಲಿ ಇಳಿದರೆ ಎದುರು ದಂಡೆಯಲ್ಲಿ ವಾಟ್ ಅರುಣ್ ದೇವಾಲಯ. ನಮ್ಮ ಅರುಣನ ಹೆಸರೇ. ಆ ಗೋಪುರಕ್ಕೆಲ್ಲ ಪಿಂಗಾಣಿ ಚೂರು ಅಂಟಿಸಿದ್ದಾರೆ. ಅದರ ಹಿಂದೆ ಸೂರ್ಯ ಮುಳುಗುವುದನ್ನು ಈಚೆ ದಡದಲ್ಲೇ ಕೂತು ನೋಡಿ. ಹತ್ತಲು ಹೋಗಬೇಡಿ. ಮಳೆಗಾಲದಲ್ಲಿ ಸಂಜೆ ಮಳೆ ಬಂದರೆ ಅದನ್ನೂ ಬಿಟ್ಟು ಊಟ ಮಾಡಿ ಮಲಗಿ. ಅರಮನೆ ಮರುದಿನ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ, ಆಗ ಮೊದಲಿಗರಾಗಿ ಒಳಗೆ ಹೋಗಿ.

ಆ ಅಜ್ಜಿಯನ್ನು ಮತ್ತೆ ಕರೆದುಕೊಂಡು ಹೋಗುತ್ತೇನೆ ಅಂತ ಮಗ ಹೋದ ತಿಂಗಳು ಬಂದಿದ್ದರು. ಪಟ್ಟಿ ಬರೆದುಕೊಟ್ಟೆ. ಮೊದಲ ದಿನದ ಮುಂದೆ ನಿದ್ದೆ, ಸಂಜೆ ದೋಣಿ. ಎರಡನೇ ದಿನದ ಮುಂದೆ ರಾಮಾಯಣದ ಗೋಡೆ, ಬೆಳಿಗ್ಗೆ ಎಂಟೂವರೆ. ಅವರು ಓದಿ, ಮಡಚಿ ಜೇಬಿಗೆ ಹಾಕಿಕೊಂಡರು.